ರಣದ ಕಡೆ ತಿರುಗಿದ ಕವಿ

ಬಹಳ ಹಿಂದೆ, ಹಕ್ಕಿಗಳಿಗೆ ಮನುಷ್ಯರ ಜೊತೆ ಮಾತಾಡುವಷ್ಟು ತಾಳ್ಮೆ ಇನ್ನೂ ಉಳಿದಿದ್ದ ಕಾಲದಲ್ಲಿ, ಹೊಳಲನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ಗೊಂಕರಸ ಎಂಬ ರಾಜ. ಅವನ ಆಸ್ಥಾನದಲ್ಲಿ ಬೀಚರಸ ಎಂಬ ಕವಿ. ವಯಸ್ಸು ಚಿಕ್ಕದು, ಕಂಠ ದೊಡ್ಡದು, ಹೆಸರು ಇನ್ನೂ ದೊಡ್ಡದು.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಯುದ್ಧದ ಹಾಡನ್ನು ಯುದ್ಧಕ್ಕೆ ಮೊದಲೇ ಕಟ್ಟಬೇಕು. ಯುದ್ಧದ ದಿನ ಕವಿ ಕೋಟೆಯ ಬುರುಜಿನ ಮೇಲೆ ನಿಂತು, ರಣಕ್ಕೆ ಬೆನ್ನು ಹಾಕಿ, ಊರಿಗೆ ಮುಖ ಮಾಡಿ ಅದನ್ನು ಹಾಡಬೇಕು. ತಿರುಗಿ ನೋಡಬಾರದು. ನೋಡಿದರೆ ಲಯ ತಪ್ಪುತ್ತದೆ ಎಂದು ಹಿಂದಿನ ಕವಿಗಳು ಹೇಳಿ ಹೋಗಿದ್ದರು.

ಇಷ್ಟೇ ಆಗಿದ್ದರೆ ಕೆಟ್ಟ ಕವಿತೆಗಳು ಹುಟ್ಟುತ್ತಿದ್ದವು, ಅಷ್ಟೇ. ಆದರೆ ಕೋಟೆಯ ಮುಂದಿನ ಆ ರಣಭೂಮಿಯಲ್ಲಿ ಧೂಪಾಕ್ಷ ಎಂಬ ಮಾಂತ್ರಿಕ ವಾಸವಾಗಿದ್ದ. ಕೊಲೆಯನ್ನು ಹೊಗಳುವ ಹಾಡೇ ಅವನ ಊಟ. ಹಾಡು ಶುರುವಾದ ಕೂಡಲೇ ಅವನು ಧೂಪದ ಬಟ್ಟಲು ತೆರೆಯುತ್ತಿದ್ದ. ಹೊನ್ನಿನ ಬಣ್ಣದ ಹೊಗೆ ಎದ್ದು ರಣವನ್ನೆಲ್ಲ ಮುಚ್ಚುತ್ತಿತ್ತು. ಕವಿ ಏನು ಹಾಡಿದರೆ ಹೊಗೆಯೊಳಗೆ ಅದೇ ಆಗುತ್ತಿತ್ತು. ತಲೆ ತಾವರೆ ಎಂದರೆ ತಾವರೆ, ನೆತ್ತರು ಓಕುಳಿ ಎಂದರೆ ಓಕುಳಿ. ಬಿದ್ದ ವೀರರನ್ನು ದೇವಕನ್ಯೆಯರು ಸ್ವರ್ಗಕ್ಕೆ ಕರೆದೊಯ್ದರು ಎಂದು ಹಾಡು ಮುಗಿಯುತ್ತಿತ್ತು. ಸ್ವರ್ಗಕ್ಕೆ ಹೋದವರನ್ನು ಯಾರು ಹುಡುಕುತ್ತಾರೆ? ಯಾರೂ ಹೋಗುತ್ತಿರಲಿಲ್ಲ. ಬಾರದವರ ಮನೆಗೆ ಅರಮನೆಯಿಂದ ಬಾಡದ ಹೂಮಾಲೆಯೊಂದು ಬರುತ್ತಿತ್ತು. ಮನೆಯವರು ಅದನ್ನು ಬಾಗಿಲಿಗೆ ಕಟ್ಟಿ, ನೆರೆಯವರಿಗೆ ಪಾಯಸ ಬಡಿಸುತ್ತಿದ್ದರು. ಅಳುವುದು ಅಪಶಕುನ.

ಆ ವರ್ಷ ಗಡಿಯ ಗುಡ್ಡದ ಜೇನು ಯಾರದು ಎಂಬ ವಿಚಾರಕ್ಕೆ ಪಕ್ಕದ ಕಣಿವೆನಾಡಿನ ಜೊತೆ ಯುದ್ಧವಾಯಿತು. ಬೀಚರಸನ ತಮ್ಮ ಚಟ್ಟಿಗನೂ ಹೋದ. ಅಣ್ಣನ ಹಾಡಿಗೆ ಊರೆಲ್ಲ ತಲೆದೂಗಿದರೂ ತಲೆದೂಗದವನು ಇವನೊಬ್ಬ. ಹೊರಡುವ ದಿನ ಪಾದರಕ್ಷೆ ಕಟ್ಟಿಕೊಳ್ಳುತ್ತಾ, "ಅಣ್ಣಾ, ನಿನ್ನ ಪದ್ಯದಲ್ಲಿ ಎಲ್ಲರೂ ಸಿಂಹ ಕಣೋ. ನಮ್ಮ ದಳದಲ್ಲಿ ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿದೆ. ಅದಕ್ಕೊಂದು ಸಾಲು ಹಾಕು," ಎಂದಿದ್ದ. ಬೀಚರಸ ಅವನ ತಲೆಗೆ ಮೊಟಕಿ ಕಳಿಸಿದ್ದ.

ಯುದ್ಧ ಮುಗಿಯಿತು. ಚಟ್ಟಿಗ ಬರಲಿಲ್ಲ. ಹೂಮಾಲೆ ಬಂತು.

ತಾಯಿ ಕಾಳಬ್ಬೆ ಮಾಲೆಯನ್ನು ಬಾಗಿಲಿಗೆ ಕಟ್ಟಲಿಲ್ಲ. ತೊಡೆಯ ಮೇಲಿಟ್ಟುಕೊಂಡು ಕೂತಳು.

"ಹಾಡು ಚೆನ್ನಾಗಿತ್ತು ಕಣೋ ಬೀಚ," ಎಂದಳು. "ಒಂದೇ ಒಂದು ಕೇಳ್ತೀನಿ. ಅವನಿಗೆ ನೀರು ಕೊಟ್ಟೋರು ಯಾರು?"

"ಯಾವ ನೀರಮ್ಮ?"

"ಬಿದ್ದಾಗ ಬಾಯಾರುತ್ತಲ್ಲಪ್ಪ. ನಿಮ್ಮಪ್ಪ ಅಟ್ಟದಿಂದ ಬಿದ್ದಾಗ ನೀರು ನೀರು ಅಂತಲೇ ಪ್ರಾಣ ಬಿಟ್ಟರು. ಇವನಿಗೆ ಯಾರು ಕೊಟ್ಟರು?"

"ನನ್ನ ಪದ್ಯದಲ್ಲಿ ನೀರಿಲ್ಲಮ್ಮ. ಅಮೃತ ಇದೆ."

"ಅಮೃತ ನಿನ್ನ ಬಾಯಿಗೆ ಹಾಕ್ಕೋ. ಹೋಗಿ ನೋಡ್ಕೊಂಡು ಬಾ. ಇದ್ದರೆ ಕರ್ಕೊಂಡು ಬಾ. ಇಲ್ಲದಿದ್ದರೆ ಹೇಗೆ ಹೋದ ಅಂತ ನನಗೆ ಹೇಳು. ಹೂವು ಬೇಡ."

ಬೀಚರಸ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು, ಬುರುಜು ಹತ್ತಿ, ಯಾವ ಕವಿಯೂ ಮಾಡದ ಕೆಲಸ ಮಾಡಿದ. ರಣದ ಕಡೆಗೆ ತಿರುಗಿದ.

ಹೊನ್ನಿನ ಹೊಗೆಯ ಹೊರತು ಏನೂ ಕಾಣಲಿಲ್ಲ. ಬುರುಜಿನ ಅಂಚಿನಲ್ಲಿ ಮಾತ್ರ ಬೋಳು ಕುತ್ತಿಗೆಯ ಒಂದು ಮುದಿ ರಣಹದ್ದು ಕೂತಿತ್ತು.

"ಅಂತೂ ಈ ಕಡೆ ತಿರುಗಿದಿರಿ ಕವಿಗಳೇ," ಎಂದಿತು ಹದ್ದು. "ಕುತ್ತಿಗೆ ಉಳುಕಲಿಲ್ಲ ತಾನೆ?"

"ನೀನು ಮಾತಾಡ್ತೀಯಾ?"

"ನಿಮ್ಮ ಹಾಡಲ್ಲಿ ನಾನು ಕುಣೀತೀನಿ, ಕರುಳಿನ ಹಾರ ಹೆಂಡತಿಗೆ ಹಾಕ್ತೀನಿ, ನೆತ್ತರು ಕುಡಿದು ತೇಗ್ತೀನಿ. ಅದಕ್ಕೆಲ್ಲ ಆಶ್ಚರ್ಯ ಇಲ್ಲ. ಮಾತಾಡಿದರೆ ಆಶ್ಚರ್ಯವಾ? ನನ್ನ ಹೆಂಡತಿ ಆ ಪದ್ಯ ಕೇಳಿ ಬೇಜಾರು ಮಾಡ್ಕೊಂಡಳು ಸ್ವಾಮಿ."

"ತಪ್ಪಾಯಿತು ಬೋಳಜ್ಜ. ನನ್ನ ತಮ್ಮ ಆ ಹೊಗೆಯೊಳಗೆ ಬಿದ್ದಿದ್ದಾನೆ."

"ಗೊತ್ತು. ಹುಬ್ಬಿನ ಮೇಲೆ ಹಳೇ ಗಾಯದ ಗುರುತು ಇರೋ ಹುಡುಗ. ಅವನ ಪಕ್ಕದಲ್ಲೇ ಕೂತು ಕಾಯ್ತಾ ಇದ್ದೆ."

"ಕಾಯ್ತಾ ಇದ್ದೆ ಅಂದರೆ?"

"ನಮ್ಮ ಕುಲದಲ್ಲಿ ಒಂದು ನಿಯಮ. ಉಸಿರು ಇರೋದನ್ನ ಮುಟ್ಟಬಾರದು. ಎಷ್ಟು ಹಸಿವಾದರೂ ಮುಟ್ಟಬಾರದು. ಅವನು ಉಸಿರಾಡ್ತಿದಾನೆ. ಅವನಂಥೋರು ತುಂಬಾ ಜನ ಇದ್ದಾರೆ. ಹಾಡು ಮುಗಿದಾಗಿನಿಂದ ಹೊಗೆಯೊಳಗೆ ಹೊತ್ತು ನಿಂತುಬಿಟ್ಟಿದೆ ಕವಿಗಳೇ. ಗಾಯ ಆದವರು ಸಾಯೋದೂ ಇಲ್ಲ, ಏಳೋದೂ ಇಲ್ಲ. ನೀವು ಅವರನ್ನ ಸ್ವರ್ಗಕ್ಕೆ ಕಳಿಸಿದ ಹಾಡು ಅವರಿಗೂ ಕೇಳಿಸ್ತು. ನಿಮ್ಮ ತಮ್ಮ, 'ನಾನಿಲ್ಲೇ ಇದೀನಲ್ಲೋ ಅಣ್ಣ' ಅಂದ."

ಬೀಚರಸ ಬುರುಜಿನಿಂದ ಇಳಿದು ಹೊಗೆಯೊಳಕ್ಕೆ ನಡೆದ. ಹದ್ದು ಅವನ ತಲೆಯ ಮೇಲೆ ಹಾರುತ್ತಾ ದಾರಿ ತೋರಿಸಿತು.

ಸ್ವಲ್ಪ ದೂರಕ್ಕೆ ದಾರಿಗೆ ಅಡ್ಡವಾಗಿ ಒಂದು ಕರಿಕಲ್ಲಿನ ಬೆಟ್ಟ ನಿಂತಿತ್ತು. ಹಾಡಿನಲ್ಲಿ ಪಟ್ಟದಾನೆ ಬೆಟ್ಟದಂತೆ ಉರುಳಿತ್ತು. ಆದ್ದರಿಂದ ಅಲ್ಲಿ ಬೆಟ್ಟವಿತ್ತು. ಬೆಟ್ಟ ಮಾತಾಡಿತು.

"ನಾನು ಏನು? ನಿಜ ಹೇಳು. ಹೇಳಿದರೆ ದಾರಿ, ಇಲ್ಲವಾದರೆ ಇಲ್ಲ."

ಬೀಚರಸ ಗಂಟಲು ಸರಿಮಾಡಿಕೊಂಡು, ಮೋಡಗಳಿಗೆ ಮೆಟ್ಟಿಲಾದವನೇ, ದಿಕ್ಕುಗಳ ಕಂಬವೇ ಎಂದು ಒಂದು ಪದ್ಯ ಹೇಳಿದ. ಬೆಟ್ಟ ಇಮ್ಮಡಿಯಾಯಿತು. ಇನ್ನೊಂದು ಪದ್ಯ ಹೇಳಿದ. ಶಿಖರ ಕಾಣದಾಯಿತು.

"ಸಾಕು ಮಾಡಿ ಸ್ವಾಮಿ," ಎಂದು ಮೇಲಿನಿಂದ ಹದ್ದು ಕೂಗಿತು. "ಇನ್ನೊಂದು ಪದ್ಯ ಹೇಳಿದರೆ ನನಗೂ ದಾಟೋಕಾಗಲ್ಲ."

ಬೀಚರಸ ಬಾಯಿ ಮುಚ್ಚಿ, ಕಲ್ಲಿನ ಮೇಲೆ ಅಂಗೈ ಇಟ್ಟ. ಕಲ್ಲು ಬೆಚ್ಚಗಿತ್ತು. ತಡವುತ್ತಾ ಹೋದ. ಅಂಚು ಹರಿದ ಕಿವಿಯೊಂದು ಕೈಗೆ ಸಿಕ್ಕಿತು. ಆ ಕಿವಿ ಅವನಿಗೆ ಗೊತ್ತಿತ್ತು. ಇನ್ನೂ ಹಿಂದಕ್ಕೆ ಹೋದ. ಹಿಂಗಾಲುಗಳ ಹಿಂಬದಿಯಲ್ಲಿ ಆಳವಾದ ಕಡಿತಗಳಿದ್ದವು. ಮುಖ ಊರಿನ ಕಡೆಗಿತ್ತು, ಕಾಲಡಿ ಹೊಳಲನಾಡಿನ ಗುರಾಣಿಗಳು ಜಜ್ಜಿದ್ದವು, ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಸೊಂಡಿಲು ಮಾವುತ ಕೂರುವ ಕತ್ತಿನತ್ತ ಬಾಗಿತ್ತು.

"ನೀನು ಲಿಂಗಿ," ಎಂದ. ಅವನ ಸ್ವರ ಆಸ್ಥಾನದ ಸ್ವರವಾಗಿರಲಿಲ್ಲ. "ನಮ್ಮ ಚಟ್ಟಿಗ ಬಾಳೆದಿಂಡು ತಂದುಕೊಡುತ್ತಿದ್ದ ಹೆಣ್ಣಾನೆ. ಗುಡುಗು ಬಂದರೆ ನೀನು ನಡುಗುತ್ತಿದ್ದೆ. ನಗಾರಿಯ ಸದ್ದಿಗೆ ಹೆದರಿ ಮನೆಯ ಕಡೆಗೆ ಓಡಿದೆ. ಓಡುವಾಗ ನಮ್ಮವರನ್ನೇ ತುಳಿದೆ. ನಮ್ಮವರೇ ಹಿಂದಿನಿಂದ ನಿನ್ನ ಕಾಲಿನ ನರ ಕಡಿದರು. ನೀನು ಬೆಟ್ಟದ ಹಾಗೆ ಬೀಳಲಿಲ್ಲ. ಮೊದಲು ಮೊಣಕಾಲೂರಿದೆ. ಆಮೇಲೆ ಮಾವುತನನ್ನು ಹುಡುಕಿದೆ."

ಬೆಟ್ಟ ನಿಟ್ಟುಸಿರು ಬಿಟ್ಟಿತು. ಅದು ಕುಗ್ಗಿ ಕುಗ್ಗಿ, ಸತ್ತ ಒಂದು ಮುದಿ ಆನೆಯಾಗಿ ನೆಲದ ಮೇಲೆ ಮಲಗಿತು. ಬೀಚರಸ ಅದರ ಕಣ್ಣು ಮುಚ್ಚಿ ಮುಂದೆ ನಡೆದ.

ಇನ್ನೂ ಸ್ವಲ್ಪ ದೂರಕ್ಕೆ ಮುತ್ತಿನ ಮಂಟಪವೊಂದು ಅಡ್ಡ ನಿಂತಿತ್ತು. ಅದರ ತುಂಬ ದೇವಕನ್ಯೆಯರು, ಕೈಯಲ್ಲಿ ಹೂಮಾಲೆ, ಕಾಲಲ್ಲಿ ಗೆಜ್ಜೆ. ಬೀಚರಸನಿಗೆ ಅವರೆಲ್ಲರ ಗುರುತು ಸಿಕ್ಕಿತು. ಅವನ ಅತ್ಯುತ್ತಮ ಪದ್ಯದಿಂದ ಅವರು ಹುಟ್ಟಿದ್ದರು. ಒಬ್ಬೊಬ್ಬಳ ಹುಬ್ಬನ್ನೂ ಅವನೇ ತಿದ್ದಿದ್ದ.

"ನಾವು ಏನು?" ಎಂದು ಅವರು ಕೇಳಿದರು. "ನಿಜ ಹೇಳು. ಹೇಳಿದರೆ ದಾರಿ, ಇಲ್ಲವಾದರೆ ಇಲ್ಲ. ಆದರೆ ಅವಸರವೇನು? ನಿನ್ನ ತಮ್ಮನ ಮಾತು ಕೇಳಿ ಹೇಳು."

ಮಂಟಪದ ಒಳಗಿನಿಂದ ಚಟ್ಟಿಗನ ಧ್ವನಿ ಬಂತು. "ಅಣ್ಣಾ! ಇಲ್ಲಿ ಪರಮಸುಖ. ಮನೆಗೆ ಹೋಗಿ ಅಮ್ಮನಿಗೆ ಹೇಳು. ನಿನ್ನ ಪದ್ಯ ಎಷ್ಟು ಸೊಗಸಾಗಿತ್ತು! ಕೇಳಿ ರೋಮಾಂಚನವಾಯಿತು!"

ಬೀಚರಸನಿಗೆ ಕಣ್ಣು ತುಂಬಿ ಬಂತು. ಮನೆಗೆ ಹೋಗಿ ಹೀಗೇ ಹೇಳಬಹುದು. ಅಮ್ಮ ನಂಬಲೂಬಹುದು. ಅಷ್ಟರಲ್ಲಿ ಅವನು ತಲೆ ಎತ್ತಿದ.

"ಏನು ಸೊಗಸಾಗಿತ್ತು?"

"ನಿನ್ನ ಪದ್ಯ, ಅಣ್ಣಾ."

"ನನ್ನ ತಮ್ಮ ಹುಟ್ಟಿದಾಗಿನಿಂದ ನನ್ನ ಒಂದು ಸಾಲನ್ನೂ ಮೆಚ್ಚಿದವನಲ್ಲ," ಎಂದ ಬೀಚರಸ. "ಸ್ವರ್ಗಕ್ಕೆ ಹೋದರೂ ಅವನು ಮೊದಲು ನನ್ನ ಪ್ರಾಸದ ತಪ್ಪು ಹುಡುಕುತ್ತಾನೆ."

ಹದ್ದು ಕಿಸಕ್ಕನೆ ನಕ್ಕಿತು. ದೇವಕನ್ಯೆಯರು ನಗಲಿಲ್ಲ. ಗೆಜ್ಜೆಗಳು ಜೋರಾದವು. ಆ ಸದ್ದಿನ ಅಡಿಯಲ್ಲಿ ಬೇರೆ ಏನೋ ಸದ್ದಿತ್ತು. ಬೀಚರಸ ಕಿವಿಗೊಟ್ಟು ಕೇಳಿದ.

"ನೀವು ಯಾರೂ ಅಲ್ಲ," ಎಂದ. "ಗಾಯವಾದವರ ನರಳಾಟ ಊರಿಗೆ ಕೇಳದಿರಲಿ ಎಂದು ನಾನು ಕಟ್ಟಿದ ಗೆಜ್ಜೆ ನೀವು. ನೀವು ಯಾರನ್ನೂ ಎತ್ತಲಿಲ್ಲ. ಯಾರಿಗೂ ನೀರು ಕೊಡಲಿಲ್ಲ."

ಮಂಟಪ ಮಾಯವಾಯಿತು. ಗೆಜ್ಜೆ ನಿಂತಿತು. ಆಗ ನರಳಾಟ ಕೇಳಿಸಿತು. ನೆಲವೇ ನರಳುತ್ತಿದೆಯೋ ಎನ್ನುವಷ್ಟು.

ಚಟ್ಟಿಗ ಮುರಿದ ರಥದ ಚಕ್ರದ ಕೆಳಗೆ ಸಿಕ್ಕಿಕೊಂಡಿದ್ದ. ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿ ಹೋಗಿತ್ತು. ಬೀಚರಸ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬುರುಡೆಯ ನೀರನ್ನು ಬಾಯಿಗೆ ಹಿಡಿದ.

"ಬಂದೆಯಾ," ಎಂದ ಚಟ್ಟಿಗ, ಕುಡಿದು. "ಆ ಓಕುಳಿ ಪದ್ಯ ಮಾತ್ರ ಬಹಳ ಕೆಟ್ಟದಾಗಿತ್ತು ಕಣೋ."

"ಗೊತ್ತು."

"ಎರಡನೇ ಸಾಲು ಎಳೆದುಬಿಟ್ಟಿದ್ದೀಯ."

"ಗೊತ್ತು, ಸುಮ್ಮನಿರೋ," ಎಂದು ಬೀಚರಸ ಅತ್ತ. ಅವನ ಕಣ್ಣೀರು ತಮ್ಮನ ಮೂಗಿನ ಮೇಲೆ ಬಿತ್ತು. ಚಟ್ಟಿಗ ಮೂಗು ಸಿಂಡರಿಸಿದ.

ಆಮೇಲೆ ಬೀಚರಸ ಸುತ್ತ ನೋಡಿದ. ಹೊಗೆ ಅಲ್ಲಿ ತೆಳ್ಳಗಿತ್ತು. ಉಸಿರು ಇದ್ದವರನ್ನು ನೋಡಿದ, ಇಲ್ಲದವರನ್ನು ನೋಡಿದ. ತಾವರೆಗಳಿರಲಿಲ್ಲ. ನೊಣಗಳಿದ್ದವು. ತನ್ನ ಊರಿನ ಕುಂಬಾರ ದೇವಯ್ಯ ಹೊಟ್ಟೆ ಹಿಡಿದುಕೊಂಡೇ ಸತ್ತಿದ್ದ. ಸ್ವಲ್ಪ ಆಚೆಗೆ ಹುಣಸೆಮರದ ಕೆಳಗೆ ಕಣಿವೆನಾಡಿನ ಕೆಲವರು ಸಾಲಾಗಿ ಬಿದ್ದಿದ್ದರು. ಅವರ ಮೈಮೇಲೆ ಕವಚವಿರಲಿಲ್ಲ. ಅಡುಗೆಯವರು, ಎತ್ತು ಹೊಡೆಯುವವರು. ಅವರ ಕೈಗಳು ಬೆನ್ನ ಹಿಂದೆ ಹಗ್ಗದಲ್ಲಿ ಬಿಗಿಯಾಗಿದ್ದವು. ಕತ್ತು ಕೊಯ್ದಿತ್ತು.

"ಇದು ಯುದ್ಧವಲ್ಲ," ಎಂದ ಬೀಚರಸ. "ಇದನ್ನು ಮಾಡಿದವರು ಯಾರು?"

ಚಟ್ಟಿಗ ಹುಣಸೆಮರದ ಕಡೆಗೆ ನೋಡಿದ.

"ಕತ್ತಿ ಬೇರೆಯವರದು ಅಣ್ಣ. ಹಗ್ಗ ನಾನು ಕಟ್ಟಿದ್ದು. ದಳಪತಿ ಕಟ್ಟು ಅಂದ, ಕಟ್ಟಿದೆ. ಏನು ಮಾಡ್ತಾರೆ ಅಂತ ನನಗೆ ಗೊತ್ತಿತ್ತು. ಆ ಬಿಳೀ ಮೀಸೆಯವನು, 'ಸ್ವಲ್ಪ ಸಡಿಲ ಮಾಡಪ್ಪ, ಕೈ ಮರಗಟ್ಟುತ್ತೆ' ಅಂದ. ನಾನು ಇನ್ನೂ ಬಿಗಿ ಮಾಡಿದೆ. ಯಾಕೆ ಮಾಡಿದೆ ಅಂತ ಈಗ ಯೋಚನೆ ಮಾಡಿದರೆ ಗೊತ್ತಾಗಲ್ಲ."

ಆಗ ಹೊಗೆ ಸುರುಳಿ ಸುತ್ತಿ ಮೇಲೆದ್ದಿತು. ಅದರ ನಡುವೆ ಧೂಪಾಕ್ಷ ಕಾಣಿಸಿಕೊಂಡ. ಕಣಜದಂಥ ಹೊಟ್ಟೆ, ಮಗುವಿನಂಥ ಕೆನ್ನೆ, ಬಹಳ ಇಂಪಾದ ಮಾತು.

"ಕವಿಗಳು ಖುದ್ದಾಗಿ ಬಂದಿದ್ದಾರೆ!" ಎಂದ. "ಇಷ್ಟು ವರ್ಷ ಊಟ ಹಾಕಿದ ಮನೆಯವರು ನೀವು. ನಿಮ್ಮ ಜೊತೆ ನನಗೇನು ಜಗಳ? ಹಾಡಬೇಕು ಅಂತ ಬಂದಿದ್ದೀರಿ, ಹಾಡಿ. ಹೊಗೆ ನಿಮ್ಮ ಹಾಡನ್ನು ಊರಿಗೆ ಮುಟ್ಟಿಸುತ್ತದೆ. ಆನೆಯ ವಿಚಾರ ಹೇಳಿ. ಕುಂಬಾರನ ವಿಚಾರ ಹೇಳಿ. ಜನ ಅಳಲಿ, ಅದೂ ಒಂದು ರುಚಿಯೇ. ಹಗ್ಗದ ಮಾತೊಂದು ಬಿಟ್ಟುಬಿಡಿ."

"ಬಿಟ್ಟರೆ?"

"ನಿಮ್ಮ ತಮ್ಮ ಎರಡು ಕಾಲಿನ ಮೇಲೆ ನಡೆದು ಮನೆಗೆ ಬರುತ್ತಾನೆ. ವೀರನಾಗಿ. ತಾಯಿ ಆರತಿ ಎತ್ತುತ್ತಾಳೆ."

"ಬಿಡದಿದ್ದರೆ?"

"ಹೊಗೆ ಹರಿಯುತ್ತದೆ. ಹೊತ್ತು ಮತ್ತೆ ನಡೆಯುತ್ತದೆ. ಆ ಕಾಲಿನಿಂದ ನೆತ್ತರು ಹರಿಯಲು ಶುರುವಾಗುತ್ತದೆ. ಊರಿನಿಂದ ಯಾರಾದರೂ ಬರುವವರೆಗೆ ಅವನು ಇರುತ್ತಾನೋ ಇಲ್ಲವೋ, ನನಗಂತೂ ಗೊತ್ತಿಲ್ಲ. ಒಂದು ಸಾಲು ಸ್ವಾಮಿ. ಒಂದು ಸಾಲು ಬಿಟ್ಟರೆ ಪದ್ಯ ಕೆಡುತ್ತದೆಯೇ?"

ಬೀಚರಸ ತಮ್ಮನ ಕೂದಲಲ್ಲಿ ಬೆರಳಾಡಿಸಿದ. ಇವನಿಗೆ ನಡೆಯಲು ಕಲಿಸಿದವನು ಅವನೇ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಬಾ ಬಾ ಎಂದು ಎರಡು ಕೈ ಚಾಚಿದ್ದು ನೆನಪಾಯಿತು. ಒಂದು ಸಾಲು ಬಿಡಲು ಅವನ ಇಡೀ ಮೈ ಒಪ್ಪಿತು.

"ಅಣ್ಣಾ," ಎಂದ ಚಟ್ಟಿಗ. "ಹೇಳು."

"ಏ, ಸುಮ್ಮನಿರು."

"ಹೇಳು ಅಂದೆನಲ್ಲ. ಹೆಸರು ಹಾಕಿ ಹೇಳು. ಯಾರೋ ಒಬ್ಬ ಕಟ್ಟಿದ ಅಂತ ಜಾರಿಕೊಳ್ಳಬೇಡ. ನಿನ್ನ ಚಾಳಿ ಗೊತ್ತು ನನಗೆ."

"ಅಮ್ಮ ಕೇಳ್ತಾಳೆ ಕಣೋ."

"ಅವಳೇ ಮೊದಲು ಕೇಳಲಿ."

ಹದ್ದು ಕೆಳಗಿಳಿದು ಚಟ್ಟಿಗನ ಕಾಲಿನ ಪಕ್ಕದಲ್ಲಿ ಕೂತಿತು. "ಉಸಿರು ನಾನು ನೋಡ್ಕೋತೀನಿ," ಎಂದಿತು. "ನೀವು ಹಾಡಿ."

ಬೀಚರಸ ತನ್ನ ಸೊಂಟದ ಪಟ್ಟಿ ಬಿಚ್ಚಿ ತಮ್ಮನ ತೊಡೆಗೆ ಬಿಗಿಯಾಗಿ ಸುತ್ತಿ ಕಟ್ಟಿದ. ಎದ್ದು ನಿಂತ. ಊರಿಗೆ ಬೆನ್ನು ಹಾಕಿ, ರಣಕ್ಕೆ ಮುಖ ಮಾಡಿ ಹಾಡಿದ. ರಾಗ ಹಳೆಯದೇ. ಮಾತು ಬೇರೆ.

ಇವಳು ಲಿಂಗಿ, ಮನೆಗೆ ಓಡಿ ಬರುತ್ತಿದ್ದವಳು, ನಮ್ಮವರೇ ಕಡಿದರು.
ಇವನು ದೇವಯ್ಯ, ಗಡಿಗೆ ಮಾಡುತ್ತಿದ್ದ, ತನ್ನ ಕರುಳು ತಾನೇ ಹಿಡಿದು ಸತ್ತ.
ಇವನು ಯಾರೋ, ಮುಖವಿಲ್ಲ, ತಾಯಿಯಿದ್ದರೆ ಅಂಗಾಲು ನೋಡಿ ಗುರುತಿಸಲಿ.
ಇವರು ಕಣಿವೆಯವರು, ಅನ್ನ ಬೇಯಿಸುತ್ತಿದ್ದರು, ಕೈ ಕಟ್ಟಿ ಕೊಯ್ದೆವು.
ಹಗ್ಗ ಕಟ್ಟಿದವನು ಚಟ್ಟಿಗ, ನನ್ನ ತಮ್ಮ. ಸಡಿಲ ಮಾಡು ಎಂದರೆ ಬಿಗಿ ಮಾಡಿದ.
ಇವರಲ್ಲಿ ಹಲವರು ಉಸಿರಾಡುತ್ತಿದ್ದಾರೆ. ನೀರು ತನ್ನಿ. ಮಂಚ ತನ್ನಿ. ಬೇಗ ಬನ್ನಿ.

ಒಂದೊಂದು ಸಾಲಿಗೂ ಧೂಪಾಕ್ಷ ಕುಗ್ಗಿದ. ಕಣಜ ಮಡಕೆಯಾಯಿತು, ಮಡಕೆ ಕುಡಿಕೆಯಾಯಿತು. ಹಗ್ಗದ ಸಾಲಿಗೆ ಬಂದಾಗ ಅವನು ಕಿರುಚಿದ. ಕೊನೆಯ ಸಾಲಿಗೆ ಅವನಿದ್ದ ಜಾಗದಲ್ಲಿ ಒಂದು ಹಿಡಿ ಬೂದಿ ಉಳಿಯಿತು. ಗಾಳಿ ಬಂದು ಅದನ್ನೂ ಒಯ್ದಿತು. ಹೊಗೆ ಹರಿಯಿತು. ರಣದ ಮೇಲೆ ಸಾಧಾರಣ ಬಿಸಿಲು ಬಿತ್ತು. ಹೊತ್ತು ನಡೆಯತೊಡಗಿತು. ಉಸಿರಾಡುತ್ತಿದ್ದವರಲ್ಲಿ ಕೆಲವರ ಉಸಿರು ಅಲ್ಲೇ ನಿಂತಿತು. ಚಟ್ಟಿಗನ ಕಾಲಿನಿಂದ ನೆತ್ತರು ಹರಿಯಿತು. ಹದ್ದು ಕದಲದೆ ಅವನ ಎದೆಯನ್ನೇ ನೋಡುತ್ತಿತ್ತು. ಬೀಚರಸ ಪಟ್ಟಿಯನ್ನು ಎರಡು ಕೈಯಿಂದ ಒತ್ತಿ ಹಿಡಿದು ಹದ್ದನ್ನೇ ನೋಡುತ್ತಿದ್ದ.

"ಇದೆ," ಎನ್ನುತ್ತಿತ್ತು ಹದ್ದು. "ಇದೆ... ಇದೆ..."

ಆಗ ಕೋಟೆಯ ಬಾಗಿಲು ತೆರೆದ ಸದ್ದು ಕೇಳಿಸಿತು. ಊರು ಬರುತ್ತಿತ್ತು. ಮಂಚ, ಏಣಿ, ತೊಟ್ಟಿಲು, ಕಂಬಳಿ, ಸಿಕ್ಕಿದ್ದೆಲ್ಲ ಹೊತ್ತುಕೊಂಡು ಊರು ಓಡಿ ಬರುತ್ತಿತ್ತು. ಎಲ್ಲರಿಗಿಂತ ಮುಂದೆ ಕಾಳಬ್ಬೆ. ವೈದ್ಯನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಚಟ್ಟಿಗನ ಪಕ್ಕದಲ್ಲಿ ಕೂತಳು. ಮೊದಲು ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅದೇ ಕೆನ್ನೆಯನ್ನು ಎದೆಗೊತ್ತಿಕೊಂಡು ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಅವಳ ಅಳು ಕೇಳಿ, ಇಷ್ಟು ವರ್ಷ ಪಾಯಸ ಬಡಿಸಿದ್ದ ಹೆಂಗಸರೆಲ್ಲ ಅತ್ತರು.

ರಾಜ ಗೊಂಕರಸನೂ ಬಂದಿದ್ದ. ಏನು ಮಾಡಬೇಕೆಂದು ತೋಚದೆ ಕಿರೀಟ ಕೈಯಲ್ಲಿ ಹಿಡಿದು ನಿಂತಿದ್ದ.

"ನಿಂತು ನೋಡ್ತಾ ಇದ್ದೀಯಲ್ಲಪ್ಪ," ಎಂದಳು ಕಾಳಬ್ಬೆ. "ಆ ತಲೆ ಕಡೆ ಹಿಡ್ಕೋ. ಮಂಚ ಓರೆ ಆಗ್ತಿದೆ."

ರಾಜ ಕಿರೀಟವನ್ನು ನೆಲಕ್ಕಿಟ್ಟು ತಲೆ ಕಡೆ ಹಿಡಿದುಕೊಂಡ. ಆ ದಿನ ಅವನು ಯಾರು ಯಾರದೋ ಮಂಚ ಹೊತ್ತ. ಕಣಿವೆಯವರದನ್ನೂ ಹೊತ್ತ.

ಸತ್ತವರನ್ನು ಅವರವರ ಹೆಸರು ಕೂಗಿ ಮಣ್ಣು ಮಾಡಿದರು. ಗುಡ್ಡದ ಜೇನನ್ನು ಎರಡು ನಾಡಿನವರೂ ಸೇರಿ ಇಳಿಸುವುದೆಂದು ಮಾತಾಯಿತು. ಕಟ್ಟಳೆ ಬದಲಾಯಿತು. ಯಾರಾದರೂ ಯುದ್ಧ ಬೇಕು ಎಂದರೆ, ಮೊದಲು ಅವರು ಬುರುಜಿನ ಮೇಲೆ ರಣಕ್ಕೆ ಮುಖ ಮಾಡಿ ನಿಂತು ಬೀಚರಸನ ಆ ಹಾಡನ್ನು ಪೂರ್ತಿಯಾಗಿ ಕೇಳಬೇಕು. ಮಂತ್ರಿಗಳು ಕೆಲವರು ಹತ್ತಿದರು. ಇಳಿದು ಬಂದವರು ಮತ್ತೆ ಆ ಮಾತು ಎತ್ತಲಿಲ್ಲ. ಮುದಿ ಹದ್ದು ಹೆಂಡತಿಯನ್ನು ಕರೆದುಕೊಂಡು, ಮುದಿ ದನಗಳು ನೆಮ್ಮದಿಯಿಂದ ಸಾಯುವ ಬಯಲುಸೀಮೆಗೆ ಹಾರಿಹೋಯಿತು.

ಚಟ್ಟಿಗ ಬದುಕಿದ. ಕಾಲು ಹೋಯಿತು. ಊರುಗೋಲು ಹಿಡಿದು ನಡೆಯಲು ಬಂದ ಮೇಲೆ ಅವನು ಮೊದಲು ಹೋದದ್ದು ಕಣಿವೆನಾಡಿಗೆ. ಬಿಳೀ ಮೀಸೆಯವನ ಹೆಂಡತಿ ಸಾಂತವ್ವೆ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು.

"ಬಿಗಿ ಮಾಡಿದವನು ನೀನೇನಾ?"

"ನಾನೇ."

ಅವಳು ಬಾಗಿಲು ಹಾಕಿಕೊಂಡಳು. ಚಟ್ಟಿಗ ಹಿತ್ತಲಿಗೆ ಹೋಗಿ ಅವಳ ಬದನೆ ಪಾತಿಯ ಕಳೆ ಕಿತ್ತು, ಸಂಜೆಗೆ ಹಿಂದಿರುಗಿದ. ಮರುವಾರ ಮತ್ತೆ ಹೋದ. ಬಾಗಿಲು ಹಾಕಿತ್ತು, ಕಳೆ ಕಿತ್ತ. ಹೀಗೆ ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ಒಂದು ದಿನ ಬೀಚರಸನೂ ಜೊತೆಗೆ ಹೋಗಿದ್ದ. ಕಳೆ ಕೀಳಲು ಬಾರದೆ ಬದನೆ ಗಿಡವನ್ನೇ ಕಿತ್ತು ತಮ್ಮನಿಂದ ಬೈಸಿಕೊಳ್ಳುತ್ತಿದ್ದ. ಬಾಗಿಲು ತೆರೆಯಿತು. ಸಾಂತವ್ವೆ ಜಗಲಿಯ ಮೇಲೆ ಎರಡು ಎಲೆ ಹಾಸಿ, ಬಿಸಿ ಅನ್ನ ಬಡಿಸಿ, ಅವರತ್ತ ನೋಡದೆ ಹೇಳಿದಳು.

"ಆರಿಹೋಗುತ್ತೆ. ಬಂದು ಕೂತ್ಕೊಳ್ಳಿ."

ಅಲ್ಲಿಂದ ಮುಂದೆ ಹೊಳಲನಾಡಿನವರೂ ಕಣಿವೆಯವರೂ ಅತ್ತಾಗ ಅತ್ತು, ನಕ್ಕಾಗ ನಕ್ಕು, ವಯಸ್ಸಾದ ಮೇಲೆ ತಮ್ಮ ತಮ್ಮ ಹಾಸಿಗೆಯಲ್ಲಿ ನೀರು ಕುಡಿದು ಕಣ್ಣು ಮುಚ್ಚಿದರು. ಅಷ್ಟು ಸುಖ ಅವರಿಗೆ ಸಿಕ್ಕಿತು. ಕೇಳಿದ ನಿಮಗೂ ಸಿಗಲಿ.